ನೇಸರಿಗೆ ಒಯ್ದ ಜಂಪರ್ ಪೀಸ್

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಗಂಟಿದೆ. ಮದುವೆ, ಬಸುರಿಯ ಕುಬಸ, ವಾಸ್ತುಶಾಂತಿ ಅಂತ ಹೋದಲ್ಲೆಲ್ಲ ನಮ್ಮ ಉಡಿಗೆ ಹಾಕಿದ ಜಂಪರ್ ಪೀಸುಗಳ, ಅಂದರೆ ಕುಪ್ಪಸದ ತುಂಡುಗಳ ಗಂಟು. ಅವನ್ನು ಯಾರೂ ಹೊಲಿಸುವುದಿಲ್ಲ. ಮನೆಗೆ ಬಂದವರ ಉಡಿ ತುಂಬುವಾಗ ಅದರಲ್ಲಿಂದಲೇ ಒಂದು ತೆಗೆದು ಕೊಡುವುದು, ಅವರು ಇನ್ನೊಬ್ಬರಿಗೆ ದಾಟಿಸುವುದು. ನಮ್ಮ ಇಚಲಕರಂಜಿಯಲ್ಲಿ ಇಷ್ಟೊಂದು ಮಗ್ಗ ಬಡಿದುಕೊಳ್ಳುತ್ತಿದ್ದರೂ ಈ ಪೀಸುಗಳು ಮಾತ್ರ ಹಳೆಯವೇ ಊರು ಸುತ್ತುತ್ತಿರುತ್ತವೆ. ಗಂಟು ಕಟ್ಟಿಡುವವರು ನಮ್ಮ ಅತ್ತೆ. ನಾನು ಮಾಡಿದ ತಪ್ಪು ಈ ಗಂಟಿಗೆ ಬಂದು ಮುಟ್ಟುತ್ತದೆ. ಆದರೆ ಅದು ಶುರುವಾದದ್ದು ಕಂಪ್ಯೂಟರಿನಲ್ಲಿ.

ಮಗಳ ಕಾಲೇಜಿಗೆ ಜಾತಿ ಪ್ರಮಾಣಪತ್ರದ ಪಡತಾಳಣಿ, ಅಂದರೆ ಪರಿಶೀಲನೆ ಆಗಬೇಕಿತ್ತು. ಅದಕ್ಕೆ ನನ್ನ ಗಂಡನ ಮನೆತನದ ವಂಶಾವಳಿ ಬೇಕು, ಹಳೆಯ ದಾಖಲೆ ಬೇಕು. ಗಂಡನಿಗೋ ತಮ್ಮ ಅಜ್ಜನ ಹೆಸರಿನಾಚೆ ಏನೂ ಗೊತ್ತಿಲ್ಲ. ಕೊಲ್ಹಾಪುರಕ್ಕೆ ಎರಡು ಸಲ ಅಲೆದ ಮೇಲೆ, ಹಳೆಯ ಹೊಲದ ಕಾಗದಗಳನ್ನೆಲ್ಲ ಸರ್ಕಾರ ಇಂಟರ್ನೆಟ್ಟಿಗೆ ಹಾಕಿದೆ ಎಂದು ಕಚೇರಿಯ ಗುಮಾಸ್ತರೊಬ್ಬರು ಹೇಳಿದರು. ಜಿಲ್ಲೆ, ತಾಲೂಕು, ಊರು ಆರಿಸಿದರೆ ಫೇರಫಾರದ ಪುಟ ತೆರೆಯುತ್ತದೆ. ಯಾರು ಸತ್ತರು, ಹೊಲ ಯಾರ ಹೆಸರಿಗೆ ಹೋಯಿತು, ವಾರಸುದಾರರು ಯಾರು ಯಾರು, ಎಲ್ಲ ಅದರಲ್ಲಿದೆ. ಮೂರು ವಾರದಲ್ಲಿ ಗಂಡನ ಮುತ್ತಜ್ಜನ ಅಪ್ಪನನ್ನೂ ಹಿಡಿದುಬಿಟ್ಟೆ. ಮಗಳ ಕೆಲಸ ಮುಗಿಯಿತು, ನನ್ನದು ಮುಗಿಯಲಿಲ್ಲ. ಹಿಡಿದದ್ದನ್ನು ಬಿಡುವವಳಲ್ಲ ನಾನು. ತವರಿನಲ್ಲಿ ನನ್ನನ್ನು ಉಡ ಅಂತಲೇ ಕರೆಯುತ್ತಿದ್ದರು.

ಅತ್ತೆಯ ತವರಿನ ಕಡೆಯದನ್ನೂ ಹುಡುಕುತ್ತೇನೆ ಎಂದೆ.

"ನಮ್ಮ ಕಡೇದ್ಯಾಕ ಬೇಕವ್ವ? ಹುಡುಗಿ ಕೆಲಸ ಆತಿಲ್ಲೊ," ಅಂದರು ಅತ್ತೆ. ಅವರಿಗೆ ಎಪ್ಪತ್ತೆಂಟು. ಸಂಕೋಚಕ್ಕೆ ಹಾಗನ್ನುತ್ತಾರೆ ಅಂದುಕೊಂಡೆ.

ಅವರ ತವರು ಗಡಹಿಂಗ್ಲಜ ತಾಲೂಕಿನ ಒಂದು ಸಣ್ಣ ಊರು. ಅವರಪ್ಪ ತೀರಿಕೊಂಡಾಗಿನ ಪುಟ ಸಿಕ್ಕಿತು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳ ಹೆಸರು ಅತ್ತೆಯದಲ್ಲ, ಅವಳ ಗಂಡನ ಹೆಸರು ನಮ್ಮ ಮಾವನದಲ್ಲ, ಊರು ನೇಸರಿ. ಇವರು ಅತ್ತೆಯ ಅಕ್ಕ ಇರಬೇಕು, ಅತ್ತೆಯ ಹೆಸರು ಬರೆಯುವಾಗ ಬಿಟ್ಟುಹೋಗಿದೆ ಎಂದು ನಾನೇ ತೀರ್ಮಾನಿಸಿದೆ.

"ಅತ್ತಿ, ನೇಸರಿಯೊಳಗ ನಿಮಗ ಅಕ್ಕ ಅದಾರೇನ್ರಿ?"

ಅತ್ತೆ ದೇವರ ಬತ್ತಿ ಹೊಸೆಯುತ್ತಿದ್ದರು. ಕೈ ನಿಂತಿತು. "ಇದ್ಲು," ಅಂದರು. ಬತ್ತಿಯನ್ನು ತಟ್ಟೆಗಿಟ್ಟು, "ಹೋಗ್ಲಿ ಬಿಡ, ಹಳೇ ಮಾತು."

ಅಕ್ಕತಂಗಿಯರಿಗೆ ಏನೋ ಮುನಿಸಿರಬೇಕು, ಕೂಡಿಸುವ ಪುಣ್ಯ ನನಗೇ ಬರಲಿ ಎಂದು ಯಾರಿಗೂ ಹೇಳದೆ ಹೊರಟೆ. ಬರಿಗೈಲಿ ಹೋಗಬಾರದಲ್ಲ. ತೆಂಗಿನಕಾಯಿ ಕೊಂಡೆ, ಗಂಟಿನಿಂದ ಮೇಲಿನದೊಂದು ಪೀಸು ಎಳೆದು ಚೀಲಕ್ಕೆ ತುರುಕಿದೆ. ನೇರಳೆ ಬಣ್ಣ, ಮೇಲೆ ಕೇಸರಿ ಚುಕ್ಕೆ. ಚಂದವೋ ಇಲ್ಲವೋ ಎಂದು ನೋಡಲೂ ಇಲ್ಲ.

ಗಡಹಿಂಗ್ಲಜದಲ್ಲಿ ಎಸ್‌ಟಿ ಬಸ್ಸು ಬದಲಿಸಿ ನೇಸರಿಯಲ್ಲಿ ಇಳಿದಾಗ ಮಧ್ಯಾಹ್ನ. ಹಾಲಿನ ಡೇರಿಯಲ್ಲಿ ಪುಟದಲ್ಲಿದ್ದ ಆ ಗಂಡನ ಹೆಸರು ಹೇಳಿದೆ. ಅವನು ಎಂದೋ ಹೋದ, ಮಗಳು ಮನೆಯಳಿಯನ ಜೊತೆ ಇಲ್ಲೇ ಇದ್ದಾಳೆ ಎಂದು ಮರಾಠಿಯಲ್ಲಿ ಹೇಳಿ ಕಬ್ಬಿನ ಗದ್ದೆಯ ಪಕ್ಕದ ಮನೆ ತೋರಿಸಿದರು.

ಎಮ್ಮೆಗೆ ಮೇವು ಹಾಕುತ್ತಿದ್ದ ಹೆಂಗಸೊಬ್ಬರು ತಿರುಗಿ ನೋಡಿದರು. ಅರವತ್ತರ ಹತ್ತಿರದ ವಯಸ್ಸು. ಅತ್ತೆಯ ಮುಖವೇ. ಅದೇ ಅಗಲ ಹಣೆ; ಮಾತಿಗೆ ಮುಂಚೆ ತುಟಿ ಒಳಗೆಳೆದುಕೊಳ್ಳುವ ರೀತಿಯೂ ಅದೇ. ನನ್ನ ಗಂಡನಿಗೂ ಆ ಚಾಳಿ ಇದೆ.

"ಯಾರ ಪೈಕಿರಿ?"

ಅತ್ತೆಯ ಹೆಸರು, ಮಾವನ ಹೆಸರು, ಊರು ಎಲ್ಲ ಹೇಳಿ ನಾನು ಅವರ ಸೊಸೆ ಎಂದೆ. "ನಿಮ್ಮ ಅವ್ವಾರು ನಮ್ಮ ಅತ್ತಿಗೆ ಅಕ್ಕ ಆಗಬೇಕ್ರಿ. ಮನ್ಯಾಗ ಅದಾರೇನ್ರಿ?"

"ಅಕ್ಕ ಅಲ್ರಿ," ಅಂದರು ಅವರು ನಿಧಾನವಾಗಿ. "ನಿಮ್ಮ ಅತ್ತೀನ ನಮ್ಮವ್ವ. ಆಕಿ ಉಡಕಿಯಾಗಿ ಹೋಗುಮುಂದ ನನಗ ಮೂರು ವರ್ಷ."

ಗಂಡ ಸತ್ತ ಹುಡುಗಿಯನ್ನು ಇನ್ನೊಬ್ಬನಿಗೆ ಉಡಕಿ ಮಾಡಿ ಕೊಡುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಮೊದಲ ಗಂಡನ ಕೂಸು ಮಾತ್ರ ಆ ಮನೆಯಲ್ಲೇ ಉಳಿಯಬೇಕು, ತಾಯಿ ಮತ್ತೆ ಆ ಹೊಸ್ತಿಲು ತುಳಿಯಬಾರದು. ಹೊಸ ಮನೆಯಲ್ಲಿ ಹೆಸರೂ ಹೊಸದು. ನನ್ನ ಹೆಸರನ್ನೇ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು ಬದಲಿಸಿದ್ದರು. ಪುಟದಲ್ಲಿದ್ದದ್ದು ಅತ್ತೆಯದೇ ಹಳೆಯ ಹೆಸರು; ಅಷ್ಟೊಂದು ಪುಟ ಓದಿದವಳಿಗೆ ಅದೊಂದು ಹೊಳೆಯಲಿಲ್ಲ.

ಅವರು ಸೆರಗಿಗೆ ಕೈ ಒರೆಸಿಕೊಂಡರು. "ಆಕೀನ ಕಳಿಸ್ಯಾಳೇನ್ರಿ ನಿಮ್ಮನ್ನ?"

ಇಲ್ಲ ಅನ್ನಬೇಕಿತ್ತು. ಆ ಮುಖ ನೋಡಿಕೊಂಡು ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಹೂನ್ರಿ," ಅಂದೆ. "ಅವರ ಕಳಿಸ್ಯಾರ."

ಅವರು ಕೈಕಾಲು ತೊಳೆದು, ಸೀರೆ ಬದಲಿಸಿ ಬಂದು ಮಣೆಯ ಮೇಲೆ ಕೂತು ಉಡಿ ಒಡ್ಡಿದರು. ಅಕ್ಕಿ ತರುವುದನ್ನು ಮರೆತಿದ್ದೆ. ಅವರ ಮನೆಯ ಅಕ್ಕಿಯನ್ನೇ ಇಸಕೊಂಡು ಕಾಯಿ, ಪೀಸಿನ ಜೊತೆ ಅವರ ಉಡಿಗೆ ಹಾಕಿದೆ. "ಅವ್ವನ ಕಡಿಂದ ಇದ ಮೊದಲ ಉಡಿ ನನಗ," ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ಏನೂ ಕಾಣಲಿಲ್ಲ ನನಗೆ.

ಸಂಜೆ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ. ಪೀಸು ಎಲ್ಲಿಯದು ಅನ್ನುವುದೊಂದನ್ನು ಬಿಟ್ಟು.

"ಯಾರು ಕಳಿಸ್ಯಾರಂತ ಕೇಳಿದ್ಲೇನು?"

"ಕೇಳಿದ್ರು. ನೀವು ಕಳಿಸೀರಿ ಅಂದೆ."

"ನಾನ ಕಳಿಸಬೇಕಾಗಿತ್ತು," ಅಂದರು ಅತ್ತೆ. "ನಿಮ್ಮ ಮಾವ ಹೋದಾಗಿಂದ ನಾಳೆ ಕಳಸೂನು, ನಾಡದ ಕಳಸೂನು ಅಂತ ಕುಂತಿದ್ದೆ." ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಐವತ್ತಾರು ವರ್ಷ ಅವರು ಒಳಗೇ ಇಟ್ಟುಕೊಂಡು ಬಂದ ಒಂದು ಮಾತನ್ನು, ಅವರ ಬದಲು ನಾನು ಹೋಗಿ ಆಡಿ ಬಂದಿದ್ದೆ. ಮಗನಿಗೆ ಅವರೇ ಹೇಳಿದರು. ನನ್ನ ಗಂಡ ತುಟಿ ಒಳಗೆಳೆದುಕೊಂಡು ಕೂತರು, ಆಮೇಲೆ "ಕರಸ್ರಿ" ಅಂದರು.

ಹದಿನೈದು ದಿನಕ್ಕೆ ಅವರು ನೇಸರಿಯಿಂದ ಬಂದರು. ಹಸಿರು ಸೀರೆಯ ಮೇಲೆ ನೇರಳೆ ಬಣ್ಣದ, ಕೇಸರಿ ಚುಕ್ಕೆಯ ಜಂಪರು. ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತರು.

"ನೀ ಕಳಿಸಿದ್ದ ಹೊಲಿಸೇನಿ, ಅವ್ವ," ಅಂದರು ಮಗಳು. "ಅರಿವಿ ಸಾಲಲಿಲ್ಲ. ತೋಳಿಗೆ ಬ್ಯಾರೇದು ಹಚ್ಚಿಸಿದೆ."

ಬಟ್ಟೆ ನೇಯುವ ಊರಿನಿಂದ ಹೋಗಿ, ಒಂದು ಜಂಪರಿಗೆ ಸಾಲದ ತುಂಡನ್ನು ತಾಯಿಯ ಹೆಸರು ಹೇಳಿ ಕೊಟ್ಟು ಬಂದವಳು ನಾನು. ಅತ್ತೆಗೆ ಗುರುತು ಹತ್ತದೇ ಇರುತ್ತದೆಯೇ, ಗಂಟು ಕಟ್ಟುವ ಕೈ ಅವರದೇ. ಒಂದು ಸಲ ನನ್ನ ಕಡೆ ನೋಡಿದರು. ನಾನು ತಲೆ ಎತ್ತಲಿಲ್ಲ. ಮಗಳ ತೋಳಿನ ಮೇಲೆ, ಬೇರೆ ಬಟ್ಟೆ ಹಚ್ಚಿದ ಹೊಲಿಗೆಯ ಗುಂಟ ಅವರ ಬೆರಳು ಹೋಯಿತು.

"ಚಂದ ಆಗೇತಿ," ಅಂದರು. "ನಾನ ಆರಿಸಿದ್ದೆ."