ಹದಿನೈದು ಸೊನ್ನೆಗಳ ಆಚೆಯ ನಾಲ್ಕು

ಇದನ್ನು ಬರೆಯಲೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಏನೋ ನೆಪ ಸಿಕ್ಕಿ ಎದ್ದುಹೋಗಿದ್ದೇನೆ.

ಮಧ್ಯಾಹ್ನ ಕಣ್ಣು ಮುಚ್ಚಿದರೆ ಪೀಣ್ಯದ ಆ ಚಿಕ್ಕ ಕಾರ್ಖಾನೆ ನೀರಿನೊಳಗಿಂದ ಕಂಡಂತೆ ತೇಲಿಬರುತ್ತದೆ. ಎಣ್ಣೆಯ ವಾಸನೆ, ಲೇತ್‌ಗಳ ಜೋಗುಳದಂಥ ಸದ್ದು. ಹೈಸ್ಕೂಲು ಓದಿದ ನಾನು ಅಲ್ಲಿ ಸೂಪರ್‌ವೈಸರ್. ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹಿರಿಯ ಕೆಲಸಗಾರ್ತಿ ಕಿಟಕಿಯ ಬಳಿ ಕೂತು ತೆಳು ಉಕ್ಕಿನ ಬಿಲ್ಲೆಗಳನ್ನು ಎರಡೆರಡಾಗಿ ತೆಗೆದುಕೊಂಡು, ಒಂದೊಂದರ ದಪ್ಪವನ್ನೂ ಮೈಕ್ರೋಮೀಟರಿನಿಂದ ಅಳೆದು ಕಂಪ್ಯೂಟರಿಗೆ ಒತ್ತುತ್ತಿದ್ದರು. ಜೋಡಿಯ ದಪ್ಪ 0.3 ಮಿಲಿಮೀಟರ್ ದಾಟಿದರೆ ಪರದೆ ಕೆಂಪಾಗಬೇಕು. ಹೊಸ ಪ್ರೋಗ್ರಾಂ ಬಂದ ವಾರ, 0.3 ಎಂದೇ ತೋರಿಸುತ್ತ ಪರದೆ ಕೆಂಪಾಗತೊಡಗಿತು.

"ಸಾರ್, ಪಾಯಿಂಟ್ ಒಂದು, ಪಾಯಿಂಟ್ ಎರಡು. ಕೂಡಿದ್ರೆ ಪಾಯಿಂಟ್ ಮೂರೇ ತಾನೇ?"

"ನಿಮ್ ಕೈ ಎಲ್ಲೋ ತಪ್ತಿದೆ ಕಣಕ್ಕ. ಕಂಪ್ಯೂಟರ್‌ಗೇ ಕೂಡೋದು ಹೇಳ್ಕೊಡ್ತೀರಾ?" ಎಂದೆ. ಎಲ್ಲರೂ ನಕ್ಕರು. ಅವರನ್ನು ಪ್ಯಾಕಿಂಗಿಗೆ ಕಳಿಸಿದೆ.

ಮರುದಿನ ಬೆಳಿಗ್ಗೆ, ಉಳಿದವರು ಚಹಾಕ್ಕೆ ಹೋದಾಗ, ಪ್ರೋಗ್ರಾಂ ಬರೆದವನು ಮಹದೇವಪುರದಿಂದ ಬಂದ. ನೋಡಿ ನಕ್ಕ.

"ಅಳತೆ ಸರಿಯಾಗೇ ಇದೆ ಸಾರ್. ಒಂದನ್ನ ಮೂರರಿಂದ ಭಾಗಿಸಿದ್ರೆ ಮೂರು ಮೂರು ಅಂತ ಮುಗಿಯೋದೇ ಇಲ್ವಲ್ಲ? ಕಂಪ್ಯೂಟರ್‌ಗೆ ಪಾಯಿಂಟ್ ಒಂದೂ ಹಂಗೇ. ಎಲ್ಲೋ ಕತ್ತರಿಸಿ ಇಟ್ಕೊಳ್ಳುತ್ತೆ. ಕೂಡಿದಾಗ ಪಾಯಿಂಟ್ ಮೂರಕ್ಕಿಂತ ಒಂದು ಚೂರು ಹೆಚ್ಚಾಗ್ಬಿಡುತ್ತೆ. ಒಳಗೆ ನೋಡಿ."

ಮೂರರ ಬಲಕ್ಕೆ ಹದಿನೈದು ಸೊನ್ನೆ, ಕೊನೆಗೊಂದು ನಾಲ್ಕು. ದೂರದ ಬಯಲಿನ ಅಂಚಿನಲ್ಲಿ ಯಾರೋ ಒಬ್ಬರೇ ನಿಂತಂತಿತ್ತು. ಕೂದಲೆಳೆಗಿಂತ ಎಷ್ಟೋ ಸಣ್ಣ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಅವನು ಒಂದು ಸಾಲು ತಿದ್ದಿ ಹೋದ.

ಅಕ್ಕನ ಕುರ್ಚಿಯಲ್ಲಿ ಹೊಸಬಳೊಬ್ಬಳು ಕೂತಳು. ಎಲ್ಲ ಹಸಿರು.

"ಕೈ ಬದಲಾಯ್ಸಿದ್ದೇ ಒಳ್ಳೇದಾಯ್ತು ನೋಡ್ರೀ!" ಎಂದರು ಮಾಲೀಕರು, ಎಲ್ಲರಿಗೂ ಕೇಳುವಂತೆ. ಪ್ಯಾಕಿಂಗ್ ಮೇಜಿನಿಂದ ಅಕ್ಕ ತಲೆಯೆತ್ತಿದರು. ನಾನು ಬಿಸಿಲುಕೋಲಿನಲ್ಲಿ ಆಡುತ್ತಿದ್ದ ಧೂಳನ್ನು ನೋಡುತ್ತ ನಿಂತೆ.

ತಿಂಗಳ ಮೇಲೆ, ಬಸ್ ಸ್ಟಾಪಿನಲ್ಲಿ ಇಬ್ಬರೇ ಇದ್ದಾಗ ಅವರು ತಮ್ಮ ಬೆರಳುಗಳನ್ನು ಮುಂದೆ ಚಾಚಿ ಕೇಳಿದರು: "ಸಾರ್, ಬೇಜಾರಿಲ್ಲ, ನಿಜ ಹೇಳಿ. ನನ್ ಕೈ ತಪ್ತಿತ್ತಾ?"

ಬೆರಳು ಕಲ್ಲಿನ ಹಾಗೆ ಸ್ಥಿರವಾಗಿದ್ದವು.

"ವಯಸ್ಸಾಯ್ತಲ್ಲಕ್ಕ," ಎಂದುಬಿಟ್ಟೆ.

ಅವರು ತಲೆಯಾಡಿಸಿ, ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಆಮೇಲೆ ಕೆಲಸಕ್ಕೆ ಬರಲಿಲ್ಲ. ನಾನೂ ಹುಡುಕಲಿಲ್ಲ. ಇವತ್ತಿಗೂ ಎಲ್ಲೋ ಕೂತು ತಮ್ಮ ಕೈಯನ್ನೇ ಅನುಮಾನಿಸುತ್ತಿರಬಹುದು. ನಾನು ಕ್ಷಮೆ ಕೇಳದೆ ಬಿಟ್ಟದ್ದು ಅವರನ್ನೇ: ಕೆಲಸಕ್ಕೆ ಸೇರಿದ ಮೊದಲ ದಿನ, ನನ್ನ ನಡುಗುವ ಬೆರಳಿಗೆ ಬೆರಳು ಕೂಡಿಸಿ ಮೈಕ್ರೋಮೀಟರ್ ಹಿಡಿಯುವುದನ್ನು ಕಲಿಸಿದ ಆ ಹೆಂಗಸನ್ನು.