ತೆಂಗಿನಕಾಯಿ ಉದಾಹರಣೆ ನನ್ನದಲ್ಲ

ಕೈಯಲ್ಲಿ ಮೈಕು ಇತ್ತು. ಸತ್ಯ ಹೇಳಲು ಒಂದೇ ವಾಕ್ಯ ಸಾಕಿತ್ತು. ನಾನು ಹೇಳಿದ್ದು ‘ಪರವಾಗಿಲ್ಲ ಬಿಡಿ ಸಾರ್’ ಅಂತ. ಇಡೀ ಸಭೆ ಚಪ್ಪಾಳೆ ತಟ್ಟಿತು. ಅದು ನೆನಪಾದರೆ ಈಗಲೂ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಮೊದಲಿನಿಂದ ಹೇಳುತ್ತೇನೆ.

ಪರಮಾಣುವಿನ ನ್ಯೂಕ್ಲಿಯಸ್ ಬಗ್ಗೆ ಕಳೆದ ತಿಂಗಳು ಪೇಪರಿನ ಇದೇ ಅಂಕಣದಲ್ಲಿ ಬರೆದಿದ್ದೆನಲ್ಲ? ಭಾರದ ನ್ಯೂಕ್ಲಿಯಸ್‌ಗಳು ಎಷ್ಟೋ ಸಲ ಚೆಂಡಿನಂತೆ ಗುಂಡಗಿರುವುದಿಲ್ಲ, ಸುಲಿಯದ ತೆಂಗಿನಕಾಯಿಯಂತೆ ಉದ್ದಕ್ಕಿರುತ್ತವೆ. ನುಣುಪು ಚೆಂಡು ತಿರುಗಿದರೆ ತಿರುಗಿದ್ದೇ ಗೊತ್ತಾಗದು; ಕಾಯಿ ತಿರುಗಿದರೆ ಕಾಣುತ್ತದೆ. ಎಷ್ಟು ಜನ ಫೋನ್ ಮಾಡಿದಿರಿ! ‘ಅದೆಲ್ಲಿಂದ ಹೊಳೀತದೆ ಕಣ್ರೀ ನಿಮಗೆ?’ ಎಂದು ಕೇಳಿದವರಿಗೆ, ‘ಹಾಗೇ, ಬರೀತಾ ಬರೀತಾ’ ಅಂದಿದ್ದೆ.

ಹೊಳೆದಿರಲಿಲ್ಲ. ಅಜ್ಜಂಪುರದಿಂದ ತರೀಕೆರೆಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ಹೇಳಿಕೊಟ್ಟದ್ದು. ಅವರ ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟಿತ್ತು. ಯಾವ ಸಬ್ಜೆಕ್ಟ್ ಎಂದೆ. ಫಿಸಿಕ್ಸ್ ಗೆಸ್ಟ್ ಲೆಕ್ಚರರ್ ಅಂತೆ, ಎಂಎಸ್ಸಿಯಲ್ಲಿ ನ್ಯೂಕ್ಲಿಯಸ್ ತಿರುಗುವುದರ ಮೇಲೇ ಪ್ರಾಜೆಕ್ಟ್ ಮಾಡಿದ್ದರಂತೆ. ಯಾರದೋ ಚೀಲದಿಂದ ಉರುಳಿ ಬಂದ ಕಾಯಿಯನ್ನೇ ಎತ್ತಿ ತಿರುಗಿಸಿ ತೋರಿಸಿದರು. ಇಳಿಯುವವರೆಗೂ ಕೇಳಿಸಿಕೊಂಡೆ. (ಹೆಸರು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಬರೆಯಬೇಕಾಗುತ್ತಿತ್ತಲ್ಲ?)

ಆ ಲೇಖನ ಮೆಚ್ಚಿ ಹೋದ ವಾರ ತರೀಕೆರೆಯ ಖಾಸಗಿ ಕಾಲೇಜೊಂದು ನನ್ನನ್ನು ಭಾಷಣಕ್ಕೆ ಕರೆಯಿತು. ವೇದಿಕೆಯಿಂದ ನೋಡುತ್ತೇನೆ, ಮೂರನೇ ಸಾಲಿನಲ್ಲಿ ಅವರೇ. ಪ್ರಿನ್ಸಿಪಾಲರು ಅವರತ್ತ ಕೈ ತೋರಿಸಿ, ‘ನಮ್ಮ ಶಶಿಕಲಾ ಮೇಡಂ ಕೂಡ ಕ್ಲಾಸಲ್ಲಿ ನಿಮ್ಮ ತೆಂಗಿನಕಾಯಿ ಉದಾಹರಣೆನೇ ಹೇಳ್ತಾರೆ ಸಾರ್. ಹೇಳೋದಾದ್ರೆ ಸಾರ್ ಹೆಸರು ಹೇಳಿ, ಕಾಪಿ ಹೊಡೀಬೇಡಿ ಅಂತ ನಾನೇ ಬೈದಿದೀನಿ’ ಅಂದರು. ವಿದ್ಯಾರ್ಥಿಗಳು ನಕ್ಕರು. ಮುಂದಿನ ವರ್ಷ ಆಕೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಹೇಳುವವರೂ ಇದೇ ಪ್ರಿನ್ಸಿಪಾಲರು.

ಆಗಲೇ ನಾನು ‘ಪರವಾಗಿಲ್ಲ ಬಿಡಿ ಸಾರ್’ ಅಂದದ್ದು. ಕದ್ದವನು ನಾನು, ಕಳೆದುಕೊಂಡವರನ್ನು ದೊಡ್ಡವನಂತೆ ಕ್ಷಮಿಸಿಬಿಟ್ಟೆ.

ಕಾಫಿ ಹೊತ್ತಿಗೆ ಅವರೇ ಹತ್ತಿರ ಬಂದರು. ಉಗಿಯುತ್ತಾರೆ ಅಂದುಕೊಂಡೆ. ಉಗಿದಿದ್ದರೆ ಒಳ್ಳೆಯದಿತ್ತು.

‘ತೆಂಗಿನಕಾಯಿ ಹೋಗ್ಲಿ ಬಿಡಿ ಸಾರ್’ ಅಂದರು. ‘ಶಕ್ತಿ ಕೊಟ್ಟಷ್ಟೂ ಜೋರಾಗೇ ತಿರುಗುತ್ತೆ ಅಂತ ಬರ್ದಿದೀರಲ್ಲ, ಅದು ತಪ್ಪು. ಒಳಗಿನ ಕಣಗಳು ಜೋಡಿ ಜೋಡಿಯಾಗಿರ್ತವೆ. ಒಂದು ಮಿತಿ ದಾಟಿದ್ರೆ ಎಷ್ಟೋ ನ್ಯೂಕ್ಲಿಯಸ್‌ಗಳಲ್ಲಿ ಒಂದು ಜೋಡಿ ಮುರಿಯುತ್ತೆ. ತಿರುಗೋ ಕೆಲಸದಲ್ಲಿ ದೊಡ್ಡ ಪಾಲು ಆ ಎರಡೇ ಹೊತ್ಕೊಳ್ತವೆ. ಆಗ ಇಡೀ ನ್ಯೂಕ್ಲಿಯಸ್ ಸ್ವಲ್ಪ ನಿಧಾನ ಆಗುತ್ತೆ. ಬಸ್ಸಲ್ಲೇ ಹೇಳಿದ್ದೆ. ಈಗ ಕ್ಲಾಸಲ್ಲಿ ಹೇಳಿದ್ರೆ, ಪೇಪರಲ್ಲಿ ಬೇರೆ ಥರ ಬಂದಿದೆ, ನೀವೇ ತಪ್ಪು ಮೇಡಂ ಅಂತಾರೆ ಹುಡುಗ್ರು.’

ಕದ್ದದ್ದೇ ಅರ್ಧ. ಅದನ್ನೂ ಕೆಡಿಸಿದ್ದೆ. ಅವರ ಕ್ಲಾಸಿನಲ್ಲೇ ಅವರ ಮಾತು ನಡೆಯದಂತೆ ಮಾಡಿದ್ದೆ.

ಆದ್ದರಿಂದ ಇಲ್ಲಿ ಬರೆದುಕೊಡುತ್ತಿದ್ದೇನೆ. ಉದಾಹರಣೆ ಶಶಿಕಲಾ ಅವರದು, ತಪ್ಪು ಮಾತ್ರ ನನ್ನದು. ನಿನ್ನೆ ಪ್ರಿನ್ಸಿಪಾಲರಿಗೂ ಫೋನ್ ಮಾಡಿ ಬಿಡಿಸಿ ಹೇಳಿದೆ.

‘ಎಂಥಾ ದೊಡ್ಡ ಮನಸ್ಸು ಸಾರ್ ನಿಮ್ಮದು’ ಅಂದರು. ‘ಒಬ್ಬ ಗೆಸ್ಟ್ ಲೆಕ್ಚರರ್ ಮಾನ ಉಳಿಸೋಕೆ ನಿಮ್ಮ ಉದಾಹರಣೆನೇ ಬಿಟ್ಕೊಡ್ತಿದೀರಲ್ಲ.’

ಕಳ್ಳ ಅನ್ನಿಸಿಕೊಳ್ಳಲು ನಾನು ಇನ್ನೇನು ಮಾಡಬೇಕು?