ಹದಿನಾಲ್ಕನೆಯ ರಿಂಗು

ಕೊಟ್ಟೂರಿನ ಪಕ್ಕೀರಪ್ಪನವರು ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವರು. ಅವರ ಮಾತು ಕೇಳಿದರೆ, ಫೋನು ಕಂಡುಹಿಡಿದವನು ಬೇರೆ ಯಾರೋ ಇರಬಹುದು, ನಡೆಸಿಕೊಂಡು ಬಂದವರು ಇವರೇ. ಉಜ್ಜಿನಿ ದಾರಿಯಲ್ಲಿ ತಂತಿ ಹರಿದರೆ ದೊಡ್ಡ ದೊಡ್ಡ ಸಾಹುಕಾರರು ಅವರ ಸೈಕಲ್ಲಿನ ಹಿಂದೆ ನಡೆದು ಬರುತ್ತಿದ್ದರು.

ಅವರು ಹತ್ತುತ್ತಿದ್ದ ಕಂಬಗಳೆಲ್ಲ ಹೋದವು. ಹತ್ತಿದ ಮೊಣಕಾಲುಗಳು ಉಳಿದವು. ಕೀಲು ಸವೆದಿದೆ ಎಂದ ಆಸ್ಪತ್ರೆಯವರು ಪ್ರತಿ ಮಂಗಳವಾರ ಹತ್ತಕ್ಕೆ ಫೋನಿನಲ್ಲೇ ವ್ಯಾಯಾಮ ಹೇಳಿಕೊಡುತ್ತೇವೆ ಎಂದರು. ಸತತ ಮೂರು ವಾರ ಎತ್ತದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರಂತೆ.

ಮೊಬೈಲ್ ನಂಬರ್ ಕೊಟ್ಟಿದ್ದರೆ ಮುಗಿಯುತ್ತಿತ್ತು. ಇವರು ಕೊಟ್ಟದ್ದು ಓಣಿಗೆ ಉಳಿದಿರುವ ಒಂದೇ ಲ್ಯಾಂಡ್‌ಲೈನಿನದು. ಇವರು ಕೂರುವುದು ಹೊರಗಿನ ಕಟ್ಟೆಯಲ್ಲಿ, ಫೋನಿರುವುದು ಪಡಸಾಲೆಯ ಗೂಡಿನಲ್ಲಿ. ಎರಡು ವಾರ, ಹೊಸ್ತಿಲು ದಾಟುವಷ್ಟರಲ್ಲಿ ರಿಂಗು ನಿಂತಿತು.

"ನಾನರ ಎತ್ತಲೇನ್ರಿ?" ಎಂದಳು ಹೆಂಡತಿ ಪಂಪಮ್ಮ.

"ಲೈನ್‌ಮನ್ ಫೋನು ಲೈನ್‌ಮನ್ನೇ ಎತ್ಬೇಕು. ಮುಟ್ಟಬ್ಯಾಡ."

"ಹಂಗಾರ ಮುಂದಿನ ವಾರ ಪಟ್ಟಿಯಾಗ ನಿಮ್ಮ ಹೆಸರಿರಂಗಿಲ್ಲ, ಬಿಡ್ರಿ."

ಮೂರನೆಯ ಮಂಗಳವಾರ ಗೋಡೆ ಹಿಡಿದು ಹೋಗಿ ಹದಿನಾಲ್ಕನೆಯ ರಿಂಗಿಗೆ ಎತ್ತಿದರು. ಕುರ್ಚಿಯಲ್ಲಿ ಕೂತು, ಕಾಲು ನೆಟ್ಟಗೆ ಚಾಚಿ, ಹತ್ತು ಎಣಿಸಿ ಇಳಿಸಬೇಕು, ದಿನಕ್ಕೆ ಎರಡು ಹೊತ್ತು ಎಂದಳು ಆಸ್ಪತ್ರೆಯ ಸುಕನ್ಯಾ. ಕಂಬ ಹತ್ತಿದವರಿಗೆ ಇದೆಂಥ ವ್ಯಾಯಾಮ? ಒಂದು ಹೊತ್ತೂ ಮಾಡಲಿಲ್ಲ. ಮುಂದಿನ ವಾರ ಒಂಬತ್ತೂವರೆಗೇ ಗೂಡಿನ ಪಕ್ಕ ಕುರ್ಚಿ ಹಾಕಿಕೊಂಡು, ಮೊದಲ ರಿಂಗಿಗೇ ಎತ್ತಿದರು.

"ವ್ಯಾಯಾಮ ಮಾಡಿದ್ರೇನ್ರಿ?"

"ತಪ್ಪದಂಗ ಮಾಡೇನವ್ವ."

"ಫೋನ್ ಬಾಜೂಕ ಕುಂತೀರೇನ್ರಿ ಅಜ್ಜಾರ?"

ಪಕ್ಕೀರಪ್ಪನವರು ಕೂತಲ್ಲಿಂದಲೇ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು.

"ಹೋದ ವಾರ ಹದಿನಾಕು ರಿಂಗು ತಗಂಡ್ರಿ. ಒಂದು ವಾರಕ್ಕ ಒಂದು ರಿಂಗಿಗಿಳಿಯೋ ಮೊಣಕಾಲು ನಾ ಇನ್ನೂ ನೋಡಿಲ್ಲ. ಮುಂದಿನ ವಾರದಿಂದ ಯಾವಾಗ್ಲೂ ಕುಂದ್ರೋ ಜಾಗದಿಂದ ಎದ್ದು ಬರ್ರಿ. ನಾ ಕಾಯ್ತೀನಿ."

ರಿಂಗು ಎಣಿಸುವುದು ಅವರದೇ ಕಸುಬು. ಯಾರದೇ ಮನೆಯ ತಂತಿ ಜೋಡಿಸಿದ ಮೇಲೆ ಕಂಬದ ತುದಿಯಿಂದಲೇ ಆ ಮನೆಗೆ ಫೋನು ಹಚ್ಚಿ ಪರೀಕ್ಷಿಸುತ್ತಿದ್ದರು. ಐದು ರಿಂಗಿಗೆ ಎತ್ತದಿದ್ದರೆ ಬೈದು ಇಳಿಯುತ್ತಿದ್ದರು. ಮುದುಕರಿರುವ ಮನೆಯಾದರೆ ಮಾತ್ರ, ಗಾಳಿಯಲ್ಲಿ ಜೋತುಬಿದ್ದುಕೊಂಡೇ ಕಾಯುತ್ತಿದ್ದರು.

ಅವತ್ತಿನಿಂದ ಎರಡು ಹೊತ್ತೂ ಕಾಲು ಚಾಚಿದರು. ಹದಿನಾಲ್ಕು ಹನ್ನೆರಡಾಯಿತು, ಹತ್ತಾಯಿತು. ಶ್ರಾವಣದ ಒಂದು ಮಂಗಳವಾರ ಕಟ್ಟೆಯಿಂದೆದ್ದು, ಗೋಡೆ ಮುಟ್ಟದೆ ಬಂದು ಎತ್ತಿದರು.

"ಏಳು," ಎಂದಳು ಸುಕನ್ಯಾ.

"ಆರು," ಎಂದರು ಪಕ್ಕೀರಪ್ಪನವರು. "ನಿಮ್ಮ ಕಡಿ ಲೈನು ಒಂಚೂರು ನಿಧಾನ ಐತಿ. ಯಾರಿಗರ ತೋರಸ್ರಿ."